ನಡುವಿನ ಬಲ

ವ್ಯಾಯಾಮಶಾಲೆಗೆ ಹೋಗಿಬರುವ ತರುಣರ ಬಾಯಲ್ಲಿ ಈಗ ‘ಕೋರ್’ ಎಂಬ ಮಾತು ಎಡೆಬಿಡದೆ ಕೇಳಿಬರುತ್ತಿರುವುದು. ನಮ್ಮ ಭಾಷೆಯಲ್ಲಿ ಇದಕ್ಕೆ ‘ನಡು’ ಎಂಬ ಒಳ್ಳೆಯ ಶಬ್ದವಿದೆ. ಸೊಂಟ, ಮಧ್ಯ ಎಂಬ ಎರಡರ್ಥಗಳನ್ನೂ ಅದು ಒಮ್ಮೆಗೇ ಕೊಡುವುದು. ನಡುವಿನ ಬಲವೆಂದರೆ ಹೊಟ್ಟೆಯ ಮುಂಭಾಗದಲ್ಲಿ ಎದ್ದು ಕಾಣುವ ಮಾಂಸದ ಗಂಟುಗಳೆಂದೇ ಬಹುಮಂದಿಯ ತಿಳಿವಳಿಕೆ. ಅದು ಸರಿಯಲ್ಲ. ಮೇಲೆ ಉಸಿರಾಟದ ವಪೆ, ಕೆಳಗೆ ಶ್ರೋಣಿಯ ತಳದ ಸ್ನಾಯುಗಳು, ಹಿಂದೆ ಬೆನ್ನುಮೂಳೆಗೆ ಅಂಟಿಕೊಂಡಿರುವ ಕಿರುಸ್ನಾಯುಗಳು, ಪಕ್ಕೆಗಳಲ್ಲಿ ಓರೆಸ್ನಾಯುಗಳು, ಒಳಗೆ ಒಡ್ಯಾಣದಂತೆ ಹೊಟ್ಟೆಯನ್ನು ಬಳಸಿರುವ ಅಡ್ಡಸ್ನಾಯು, ಇವೆಲ್ಲವೂ ಸೇರಿಯೇ ನಡು.

ಹೊಟ್ಟೆಯ ವ್ಯಾಯಾಮದಿಂದ ಹೊಟ್ಟೆಯ ಕೊಬ್ಬು ಕರಗುವುದೆಂಬುದು ಇನ್ನೊಂದು ನಂಬಿಕೆ. ಅಮೆರಿಕದಲ್ಲಿ 24 ಮಂದಿಯನ್ನು ತೆಗೆದುಕೊಂಡು, ಅವರಲ್ಲಿ ಒಂದು ಗುಂಪಿಗೆ ಆರು ವಾರ ಇದನ್ನೇ ಮಾಡಿಸಿ ನೋಡಿದರು. ಪರಿಣಾಮವು 2011ರಲ್ಲಿ ಪ್ರಕಟವಾಯಿತು. ಸ್ನಾಯುಗಳ ತಾಳಿಕೆ ಹೆಚ್ಚಿತು, ಕೊಬ್ಬು ಇದ್ದಂತೆಯೇ ಇತ್ತು.

ಇದಕ್ಕಿಂತ ಹೆಚ್ಚು ಕೇಡು ಮಾಡಿರುವುದು ಬೇರೊಂದು ತಿಳಿವಳಿಕೆ. ಸೊಂಟನೋವಿರುವವರು ಹೊಕ್ಕುಳನ್ನು ಸದಾ ಒಳಗೆಳೆದು ಬಿಗಿಹಿಡಿದಿರಬೇಕು, ಇಲ್ಲವಾದರೆ ಬೆನ್ನು ನಿಲ್ಲದು ಎಂಬುದೇ ಅದು. ಇದರ ಮೂಲ ಆಸ್ಟ್ರೇಲಿಯದಲ್ಲಿದೆ. ಆರೋಗ್ಯವಂತರಲ್ಲಿ ತೋಳು ಚಲಿಸುವುದಕ್ಕೆ ಮೊದಲೇ ಆ ಅಡ್ಡಸ್ನಾಯು ಎಚ್ಚರಗೊಳ್ಳುವುದನ್ನೂ, ಸೊಂಟನೋವಿನವರಲ್ಲಿ ಅದು ತಡವಾಗುವುದನ್ನೂ 1996ರಲ್ಲಿ ಹಾಡ್ಜಸ್ ಮತ್ತು ರಿಚರ್ಡ್‌ಸನ್ ಎಂಬ ವಿದ್ವಾಂಸರು ಪ್ರಕಟಿಸಿದರು. ತಡವೆಂದರೆ ಸೆಕೆಂಡಿನ ಕೆಲವೇ ಶತಾಂಶಗಳು! ಇದು ನೋವಿಗೆ ಕಾರಣವೋ, ನೋವಿನ ಕಾರ್ಯವೋ ಎಂದು ತರ್ಕವನ್ನೋದಿದ ಬಾಲಕನೂ ಕೇಳುವನು. ಆ ವಿಚಾರ ಮುಗಿಯುವ ಮೊದಲೇ ಹೊಕ್ಕುಳೆಳೆಯುವ ಪಾಠವು ದೇಶದೇಶಗಳಿಗೆ ಹರಡಿತು. ಕಾಕ್ರೇನ್ ಸಂಸ್ಥೆಯು 2016ರಲ್ಲಿ 29 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಲಾಗಿ, ಇಂಥ ಸ್ನಾಯುಶಿಕ್ಷಣವು ಬಹುಕಾಲದ ಸೊಂಟನೋವಿಗೆ ಇತರ ವ್ಯಾಯಾಮಗಳಿಗಿಂತ ಹೇಳಿಕೊಳ್ಳುವಷ್ಟು ಮೇಲೆಂದು ಕಂಡುಬರಲಿಲ್ಲ. ಸುಮ್ಮನಿರುವುದಕ್ಕಿಂತ ಲೇಸು, ಅಷ್ಟೆ.

ಸಂಸ್ಕೃತದಲ್ಲಿ ‘ಸ್ಥಿರ’ವೆಂಬುದು ಬೇರೆ, ‘ಸ್ತಬ್ಧ’ವೆಂಬುದು ಬೇರೆ. ಮೊದಲನೆಯದು ನೆಲೆತಪ್ಪದಿರುವುದು, ಎರಡನೆಯದು ಸೆಟೆದು ನಿಲ್ಲುವುದು, ಗರ್ವಿಷ್ಠನಿಗೂ ಅದೇ ಶಬ್ದವುಂಟು. ಬೆನ್ನುಮೂಳೆಗೆ ಮೇರುದಂಡವೆಂದು ಹೆಸರಿದ್ದರೂ ಅದು ದಂಡವಲ್ಲ. ಕುತ್ತಿಗೆಯಿಂದ ಸೊಂಟದವರೆಗೆ ಚಲಿಸಬಲ್ಲ 24 ಎಲುಬುಗಳ ಸಾಲು. ತಲೆಯ ಮೇಲೊಂದು, ಕಂಕುಳಲ್ಲೊಂದು ಕೊಡವನ್ನಿಟ್ಟುಕೊಂಡು ಜೊತೆಯವಳೊಡನೆ ಮಾತನಾಡುತ್ತ ಬರುವ ಹೆಂಗಸನ್ನು ವಾಚಕರು ಗಮನಿಸಬೇಕು. ಅವಳ ನಡು ಹೆಜ್ಜೆಹೆಜ್ಜೆಗೂ ಬಿಗಿಯುವುದು, ಸಡಿಲುವುದು; ಉಸಿರು ಮಾತ್ರ ಕಟ್ಟುವುದಿಲ್ಲ. ಸುಮ್ಮನೆ ನಿಂತಿರುವಾಗ ಈ ಸ್ನಾಯುಗಳ ಪೂರ್ಣಶಕ್ತಿಯಲ್ಲಿ ನೂರಕ್ಕೆ ಕೆಲವೇ ಪಾಲು ಸಾಕು. ಭಾರವೆತ್ತುವಾಗ ಹೆಚ್ಚು ಬೇಕು; ಆಗಲೂ ಹೊಟ್ಟೆಯನ್ನು ಒಳಗೆಳೆಯುವುದಕ್ಕಿಂತ ಸುತ್ತಲೂ ಸಮನಾಗಿ ಬಿಗಿಗೊಳಿಸುವುದೇ ಬೆನ್ನಿಗೆ ಹೆಚ್ಚಿನ ಆಸರೆಯೆಂದು ಕೆನಡದ ವಾಟರ್‌ಲೂ ವಿಶ್ವವಿದ್ಯಾನಿಲಯದಲ್ಲಿದ್ದ ಸ್ಟುವರ್ಟ್ ಮೆಕ್‌ಗಿಲ್ ಅವರ ಅಭಿಪ್ರಾಯ.

‘ನನ್ನ ಕೋರ್ ದುರ್ಬಲವಂತೆ’ ಎಂದು ಮೊಮ್ಮಗುವನ್ನು ಎತ್ತಿಕೊಳ್ಳುವುದನ್ನೇ ಬಿಟ್ಟ ಅಜ್ಜಿಯರನ್ನು ನಾವು ಕಂಡಿದ್ದೇವೆ. ಇದು ನಮಗೆ ಬಹಳ ವ್ಯಸನವನ್ನುಂಟುಮಾಡಿದ ಸಂಗತಿ. ಹೆದರಿ ಬಗ್ಗದೆ, ಎತ್ತದೆ ಇದ್ದಷ್ಟೂ ಬೆನ್ನು ಬಲಗುಂದುವುದು.

ಹಾಗಾದರೆ ಮಾಡತಕ್ಕದ್ದೇನು? ಮೊಣಕೈಗಳ ಮೇಲೆ ಹಲಗೆಯಂತೆ ನಿಲ್ಲುವ ‘ಪ್ಲ್ಯಾಂಕ್’ ಕೆಟ್ಟದ್ದಲ್ಲ. ನಿಮಿಷಗಟ್ಟಲೆ ಪಂದ್ಯ ಕಟ್ಟುವುದು ಅನಾವಶ್ಯಕ. ಅಂಬೆಗಾಲಿನ ಭಂಗಿಯಲ್ಲಿದ್ದು ಬಲದ ತೋಳನ್ನು ಮುಂದಕ್ಕೂ ಎಡದ ಕಾಲನ್ನು ಹಿಂದಕ್ಕೂ ಚಾಚಿ, ಸೊಂಟ ವಾಲದಂತೆ ಏಳೆಂಟು ಸೆಕೆಂಡು ನಿಂತು, ಬಳಿಕ ಬದಿ ಬದಲಿಸುವುದು ವಯಸ್ಸಾದವರಲ್ಲಿಯೂ ಹಲವರಿಗೆ ಸಾಧ್ಯ. ಮಂಡಿನೋವಿನವರು ಕೈಯೂರದೆ ಕುರ್ಚಿಯಿಂದ ಮೆಲ್ಲನೆ ಏಳುವುದನ್ನು ಅಭ್ಯಾಸಮಾಡಬಹುದು. ಯಾವುದನ್ನು ಮಾಡುವಾಗಲೂ ಉಸಿರು ಬಿಗಿಹಿಡಿಯಬಾರದು. ರಕ್ತದೊತ್ತಡವಿರುವವರಂತೂ ಇದನ್ನು ಮರೆಯಕೂಡದು. ಸೊಂಟನೋವಿನೊಡನೆ ಕಾಲು ಬಲಗುಂದಿದರೆ, ತೊಡೆಸಂದಿಯಲ್ಲಿ ಸ್ಪರ್ಶಜ್ಞಾನ ತಪ್ಪಿದರೆ, ಮಲಮೂತ್ರಗಳ ಹಿಡಿತ ಹೋದರೆ, ವ್ಯಾಯಾಮದ ಮಾತನ್ನು ಬಿಟ್ಟು ಆ ಕ್ಷಣವೇ ಆಸ್ಪತ್ರೆಗೆ ಹೋಗತಕ್ಕದ್ದು.