ಒಡೆಯಲಿಕ್ಕೆಂದೇ ಮಾಡುವ ಬೊಂಬೆ

ಗಣಪತಿ ಪೆಂಡಾಲಿನ ಮುಂದೆ ಕಣ್ಣಿಗೆ ಟಾವೆಲ್ ಕಟ್ಟಿ ಗಡಿಗೆ ಒಡೆಸುವ ಪಂದ್ಯ ಹುಬ್ಬಳ್ಳಿ-ಧಾರವಾಡದ ಓಣಿಗಳಿಗೆ ಹೊಸದಲ್ಲ. ಕೋಲು ಹಿಡಿದವ ಗಡಿಗೆ ಬಿಟ್ಟು ಗಾಳಿಗೆ ಹೊಡೆಯುತ್ತಿರುತ್ತಾನೆ. ಸುತ್ತ ನಿಂತವರು "ಬಲಕ್ಕ ಸರಿ, ಇನ್ನೊಂದ್ ಹೆಜ್ಜಿ ಮುಂದ" ಎಂದು ಬೇಕಂತಲೇ ದಾರಿ ತಪ್ಪಿಸುತ್ತಿರುತ್ತಾರೆ. ಹೆಚ್ಚುಕಮ್ಮಿ ಅದೇ ಆಟ ಈಗ ಪಿನ್ಯಾಟಾ ಎಂಬ ಹೆಸರು ಹೊತ್ತು ಮಕ್ಕಳ ಹುಟ್ಟುಹಬ್ಬಕ್ಕೆ ಬಂದಿದೆ. ಬಣ್ಣದ ಕಾಗದ ಅಂಟಿಸಿದ ಟೊಳ್ಳು ಬೊಂಬೆಯೊಂದನ್ನು ತೂಗುಹಾಕುತ್ತಾರೆ. ಹೊಟ್ಟೆ ತುಂಬ ಚಾಕೊಲೇಟು. ಮಕ್ಕಳು ಸರದಿಯ ಮೇಲೆ ಬಾರಿಸುತ್ತಾರೆ, ಹೊಟ್ಟೆ ಒಡೆದಾಗ ಒಬ್ಬರ ಮೇಲೊಬ್ಬರು ಬಿದ್ದು ಬಾಚಿಕೊಳ್ಳುತ್ತಾರೆ.

ಪಿನ್ಯಾಟಾದ ತವರು ಮೆಕ್ಸಿಕೋ. ಡಿಸೆಂಬರ್ 16ರಿಂದ 24ರವರೆಗೆ ಅಲ್ಲಿ ನಡೆಯುವ ಪೊಸಾದಾ ಎಂಬ ಕ್ರಿಸ್‌ಮಸ್ ಆಚರಣೆಯಲ್ಲಿ ಅದಿಲ್ಲದೆ ನಡೆಯುವುದಿಲ್ಲ. ಹಳೆಯ ಮಾದರಿ ಏಳು ಮೂಲೆಯ ನಕ್ಷತ್ರ. ಏಳು ಮೂಲೆ ಎಂದರೆ ಏಳು ಮಹಾಪಾಪ, ಅದನ್ನು ಒಡೆಯುವ ಕೋಲು ದೈವಭಕ್ತಿ ಎಂದು ಪಾದ್ರಿಗಳು ಅರ್ಥ ಹೇಳಿದರು. ಮಕ್ಕಳ ಕಣ್ಣೇನೋ ಮಿಠಾಯಿಯ ಮೇಲೇ ಇದ್ದಿರಬೇಕು. ಮೆಕ್ಸಿಕೋ ನಗರದ ಹತ್ತಿರದ ಅಕೊಲ್ಮಾನ್ ಎಂಬ ಊರು ಪಿನ್ಯಾಟಾ ಹುಟ್ಟಿದ್ದು ನಮ್ಮಲ್ಲೇ ಎನ್ನುತ್ತದೆ; ಅಲ್ಲಿ ಅದಕ್ಕೆಂದೇ ಜಾತ್ರೆ ಉಂಟು. ನಮಗೆ ಹತ್ತಿರದ ಸಂಗತಿ ಬೇರೆಯೇ ಇದೆ: ಹಳೆಯ ಪಿನ್ಯಾಟಾದ ಒಳಗಿರುತ್ತಿದ್ದುದು ಮಣ್ಣಿನ ಗಡಿಗೆ. ಅದರ ಮೇಲೆಯೇ ಕಾಗದ ಹಚ್ಚುತ್ತಿದ್ದರು. ಉಡುಪಿಯ ವಿಟ್ಲಪಿಂಡಿಯಲ್ಲಿ ಗುರ್ಜಿಗೆ ಕಟ್ಟಿದ ಮೊಸರು ಕುಡಿಕೆಯನ್ನು ಗೊಲ್ಲ ವೇಷದವರು ಕೋಲಿನಿಂದ ಒಡೆಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚೂರು ತಲೆಗೆ ತಾಗೀತೆಂದು ಈಗ ಗಡಿಗೆ ಹೋಗಿ ಬರೀ ಕಾಗದ ಉಳಿದಿದೆ.

ಮಾಡಿದ್ದನ್ನೇ ಕೆಡಿಸಿ ಸಂತೋಷಪಡುವುದು ಈ ಭಾಗದ ಮಕ್ಕಳಿಗೆ ಹುಟ್ಟಿನಿಂದ ಬಂದ ವಿದ್ಯೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಭಾದ್ರಪದಕ್ಕೆ ಗಣಪ, ಹೋಳಿಗೆ ಕಾಮಣ್ಣ. ಒಂದೂ ಷೋಕೇಸಿಗೆ ಹೋಗುವುದಿಲ್ಲ. ಬಿದಿರ ಹಂದರಕ್ಕೆ ಹಳೆ ಅಂಗಿ, ಕಾಗದದ ಮುಖ ಸೇರಿಸಿ ಓಣಿಯ ಹುಡುಗರು ಕಾಮಣ್ಣನನ್ನು ನಿಲ್ಲಿಸುತ್ತಾರೆ, ಕದ್ದು ತಂದ ಕಟ್ಟಿಗೆಯಲ್ಲಿ ತಾವೇ ಸುಡುತ್ತಾರೆ. ಇಂಥ ಊರಲ್ಲಿ ಪಿನ್ಯಾಟಾವನ್ನು ಡಬ್ಬಿಯಲ್ಲಿ ಕೊಂಡು ತರುವುದು ನನ್ನ ಲೆಕ್ಕದಲ್ಲಿ ದಂಡ. ಒಡೆಯುವುದು ಐದು ನಿಮಿಷದ ಮಾತು, ಮಾಡುವುದು ನಾಲ್ಕು ದಿನದ ಆಟ.

ಬೇಕಾಗುವುದು ಒಂದು ದೊಡ್ಡ ಬಲೂನು, ರದ್ದಿ ಪೇಪರು, ಮೈದಾ. ಸಂಯುಕ್ತ ಕರ್ನಾಟಕ ಪತ್ರಿಕೆ ಅಚ್ಚಾಗುವ ಹುಬ್ಬಳ್ಳಿಯಲ್ಲಿ ರದ್ದಿಗೆ ಬರವಿಲ್ಲ. ಒಂದು ಕಪ್ ಮೈದಾಕ್ಕೆ ನಾಲ್ಕೈದು ಕಪ್ ನೀರು. ಮೊದಲು ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಆಮೇಲೆ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕಾಯಿಸಬೇಕು. ತೆಳು ಅಂಬಲಿಯ ಹದಕ್ಕೆ ಬಂದಾಗ ಇಳಿಸಿ ಚಿಟಿಕೆ ಉಪ್ಪು ಹಾಕಿದರೆ ಬೂಸ್ಟು ಬೇಗ ಹಿಡಿಯುವುದಿಲ್ಲ. ಪೇಪರನ್ನು ಕತ್ತರಿಸಬೇಡಿ, ಎರಡು ಬೆರಳಗಲ ಹರಿಯಿರಿ. ಹರಿದ ಅಂಚು ಒಂದಕ್ಕೊಂದು ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಪಟ್ಟಿಯನ್ನು ಅಂಟಿನಲ್ಲಿ ಅದ್ದಿ, ಎರಡು ಬೆರಳ ನಡುವೆ ಎಳೆದು ಹೆಚ್ಚಿನದ್ದನ್ನು ಇಳಿಸಿ, ಬಲೂನಿನ ಮೇಲೆ ಅಡ್ಡಡ್ಡ ಹಚ್ಚಿ. ಎರಡನೆಯ ಸುತ್ತು ಉದ್ದುದ್ದ. ಬಲೂನಿನ ಗಂಟಿನ ಸುತ್ತ ಮುಷ್ಟಿ ಹೋಗುವಷ್ಟು ಜಾಗ ಬಿಡಿ. ಒಂದು ಸುತ್ತು ಪೂರ್ತಿ ಒಣಗದೆ ಇನ್ನೊಂದಕ್ಕೆ ಕೈ ಹಾಕಬೇಡಿ.

ಸುತ್ತು ಎಷ್ಟು ಎಂಬುದರಲ್ಲೇ ಕಸುಬು ಇರುವುದು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರ ಮರದ ಬೊಂಬೆಗಳಿಗೆ ಹುಣಸೆ ಬೀಜದ ಅಂಟು ಬಳಸುತ್ತಾರೆ. ಅವರ ಬೊಂಬೆ ತಲೆಮಾರು ಬಾಳಬೇಕು. ನಮ್ಮದು ಹತ್ತಿಪ್ಪತ್ತು ಏಟಿಗೆ ಸಾಯಬೇಕು. ಆರೇಳು ವರ್ಷದ ಮಕ್ಕಳಿಗೆ ಎರಡು ಸುತ್ತು, ದೊಡ್ಡವರಿಗೆ ಮೂರು. ಉತ್ಸಾಹದಲ್ಲಿ ಐದಾರು ಸುತ್ತು ಹಚ್ಚಿದರೆ ಕೊನೆಗೆ ಕಾಕಾ ಒಬ್ಬರು ತೋಳು ಮಡಚಿ ಬ್ಯಾಟು ಹಿಡಿಯಬೇಕಾಗುತ್ತದೆ, ಮಕ್ಕಳು ನೋಡುತ್ತ ನಿಲ್ಲುತ್ತಾರೆ.

ಒಣಗಿದ ಮೇಲೆ ಬಲೂನು ಚುಚ್ಚಿ ತೆಗೆದು, ಬಾಯಿಯ ಎರಡು ಬದಿ ತೂತು ಮಾಡಿ ಸುತಳಿ ಪೋಣಿಸಿ. ಸುತಳಿಯನ್ನು ಒಳಗೆ ಐಸ್‌ಕ್ರೀಮ್ ಕಡ್ಡಿಗೆ ಗಂಟು ಹಾಕದಿದ್ದರೆ ಮೊದಲ ಏಟಿಗೇ ಕಾಗದ ಹರಿದು ಇಡೀ ಬೊಂಬೆ ನೆಲಕ್ಕೆ ಬೀಳುತ್ತದೆ. ಕ್ರೇಪ್ ಪೇಪರಿನ ಝಾಲರಿಯನ್ನು ಕೆಳಗಿನಿಂದ ಮೇಲಕ್ಕೆ, ಹೆಂಚು ಹೊದಿಸಿದ ಹಾಗೆ ಹಚ್ಚುತ್ತ ಬನ್ನಿ.

ಇನ್ನು ಥೀಮಿನ ಮಾತು. ಡೈನೋಸಾರ್, ಯೂನಿಕಾರ್ನ್ ಯಾರಾದರೂ ಮಾಡುತ್ತಾರೆ. ಅವಳಿ ನಗರದ ಮಕ್ಕಳಿಗೆ 2018ರಿಂದ ಓಡುತ್ತಿರುವ ಚಿಗರಿ ಬಸ್ಸು ಇದೆಯಲ್ಲ! ಬಲೂನೂ ಬೇಡ, ಬೂಟಿನ ಡಬ್ಬಿಯೊಂದು ಸಾಕು. ರಟ್ಟು ಗಟ್ಟಿಯಾದ್ದರಿಂದ ತಳವನ್ನು ಪೂರ್ತಿ ಕತ್ತರಿಸಿ ಎರಡು ಪದರ ಪೇಪರಿನಿಂದ ಮುಚ್ಚಿ, ಒಡೆಯುವುದು ಅಲ್ಲೇ. ಕಿಟಕಿಗೆ ಕಪ್ಪು ಕಾಗದ, ಮುಂದೆ 'ಹುಬ್ಬಳ್ಳಿ–ಧಾರವಾಡ' ಎಂಬ ಬೋರ್ಡು. ದೇವರು, ಗುಡಿ, ಮಠದ ಆಕಾರ ಮಾತ್ರ ಬೇಡ. ಕೋಲಿನಿಂದ ಬಡಿಯುವ ವಸ್ತು ಅದು.

ತುಂಬಲು ಕಾಗದ ಸುತ್ತಿದ ಪೆಪ್ಪರಮಿಂಟು, ಶೇಂಗಾ ಚಿಕ್ಕಿ, ರಬ್ಬರು, ಶಾರ್ಪನರು. ಗಾಜಿನ ಗೋಲಿ, ಮೊಳೆಯ ಬುಗುರಿ ಕೂಡದು. ಧಾರವಾಡ ಪೇಢೆಯನ್ನೂ ಹಾಕಬೇಡಿ, ಪುಡಿಯಾಗಿ ಎಲ್ಲಕ್ಕೂ ಮೆತ್ತುತ್ತದೆ. ಅದು ತಟ್ಟೆಯಲ್ಲೇ ಇರಲಿ. ಸುತಳಿಯನ್ನು ಮರದ ಟೊಂಗೆಯ ಮೇಲೆ ಹಾಯಿಸಿ ಒಬ್ಬ ಹಿರಿಯರು ಕೆಳಗೆ ಹಿಡಿದು ಏರಿಸಿ ಇಳಿಸಬೇಕು. ಉಳಿದ ಮಕ್ಕಳು ಕೋಲಿಗೆ ಸಿಗದಷ್ಟು ದೂರ ಗೆರೆಯಾಚೆ ನಿಲ್ಲಬೇಕು. ಒಡೆದ ಕೂಡಲೇ ನುಗ್ಗುತ್ತಾರೆ, ಆಗ ಕೋಲು ಇನ್ನೂ ಬೀಸುತ್ತಿರುತ್ತದೆ. ಅನಾಹುತ ಆಗುವುದು ಆ ಗಳಿಗೆಯಲ್ಲೇ, ಆದ್ದರಿಂದ ಕೋಲು ಕಸಿದುಕೊಳ್ಳಲಿಕ್ಕೆ ಒಬ್ಬರನ್ನು ನೇಮಿಸಿಬಿಡಿ. ಐದರೊಳಗಿನ ಕೂಸುಗಳಿಗೆ ಕೋಲೇ ಬೇಡ. ತಳಕ್ಕೆ ಹತ್ತು ರಿಬ್ಬನ್ನು ಇಳಿಬಿಟ್ಟು, ಒಂದನ್ನು ಮಾತ್ರ ತಳದಲ್ಲಿ ಕತ್ತರಿಸಿದ ಮುಚ್ಚಳಕ್ಕೆ ಕಟ್ಟಿದರೆ ಎಳೆದಾಟವೇ ಆಟ.

ಬೇಸಿಗೆಯಲ್ಲಿ ಒಂದು ಸುತ್ತು ಒಣಗಲು ಒಂದು ದಿನ ಸಾಕು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಅದೇ ಸುತ್ತು ಮೂರು ದಿನವಾದರೂ ಹಸಿಯಾಗೇ ಇರುತ್ತದೆ. ಶ್ರಾವಣದಲ್ಲಿ ಹುಟ್ಟಿದ ಮಗು ಮನೆಯಲ್ಲಿದ್ದರೆ ಹತ್ತು ದಿನ ಮೊದಲೇ ಶುರು ಮಾಡಿ, ಈ ತಿಂಗಳ ರದ್ದಿ ಮಾರಬೇಡಿ.