ಗೋಡಂಬಿ ಬಿಟ್ಟರೆ ಅರ್ಧ ಅರಮನೆ ಊಟ

12ನೇ ಶತಮಾನದ ಅರಮನೆಯ ಊಟವನ್ನು ಮನೆಯಲ್ಲೇ ಇಪ್ಪತ್ತು ಜನಕ್ಕೆ ಬಡಿಸುವ ಆಸೆಯಿದ್ದರೆ, ಸಾಮಾನಿನ ಚೀಟಿಗೂ ಮೊದಲು ಬೇಡದ್ದರ ಚೀಟಿ ಬರೆಯಿರಿ. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಕಡಲೆಕಾಯಿ, ಗೋಡಂಬಿ, ಸೀಮೆಬದನೆ, ಸೂರ್ಯಕಾಂತಿ ಎಣ್ಣೆ, ಮರಗೆಣಸಿನ ಸಬ್ಬಕ್ಕಿ ಎಲ್ಲದರ ಮೂಲವೂ ಅಮೆರಿಕ ಖಂಡ. 1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದ ನಂತರವೇ ಇವು ಒಂದೊಂದಾಗಿ ನಮ್ಮ ಅಡುಗೆಮನೆ ಸೇರಿದ್ದು. ಎಲೆಕೋಸು, ಹೂಕೋಸು ಯುರೋಪಿನಿಂದ ಬಂದವು. ಇಷ್ಟನ್ನು ಬಿಡುವುದಕ್ಕೆ ಕಾಸು ಖರ್ಚಿಲ್ಲ; ಗೋಡಂಬಿಯೊಂದರಲ್ಲೇ ಒಳ್ಳೆಯ ಉಳಿತಾಯ.

ಈ ಚೀಟಿ ಮನೆಯಲ್ಲೇ ಸಿಕ್ಕಿದರೂ ಸಿಕ್ಕೀತು. ತಿಥಿ ಅಡುಗೆಗೆ ಏನೇನು ಹಾಕುತ್ತಿರಲಿಲ್ಲ ಎಂದು ಅಜ್ಜಿಯನ್ನು ಕೇಳಿ. ಮೆಣಸಿನಕಾಯಿಯ ಬದಲು ಕರಿಮೆಣಸು. ಆಲೂಗಡ್ಡೆ, ಕೋಸು, ಟೊಮೆಟೊ ನಿಷಿದ್ಧ. ಪುರಿ ಜಗನ್ನಾಥನ ಮಹಾಪ್ರಸಾದಕ್ಕೂ ಆಲೂಗಡ್ಡೆ, ಟೊಮೆಟೊ ಸೇರುವುದಿಲ್ಲ. ಆದರೆ ಈರುಳ್ಳಿ, ಬೆಳ್ಳುಳ್ಳಿ ಬಿಡುವುದು ಮಡಿಯ ಕಾರಣಕ್ಕೆ. ಅವು ಹೊಸಬರಲ್ಲ.

ಇನ್ನು ಆಧಾರ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗವೆಂಬ ಭಾಗವೇ ಇದೆ. ಅದಕ್ಕೂ ಹಿಂದಿನದು ಚಾವುಂಡರಾಯನ ‘ಲೋಕೋಪಕಾರ’, 1025ರ ಸುಮಾರಿನದು. 16ನೇ ಶತಮಾನದ ಆರಂಭದ ಮಂಗರಸನ ‘ಸೂಪಶಾಸ್ತ್ರ’ ಪೂರ್ತಿ ಸಸ್ಯಾಹಾರ. ಬಡವರ ತರಕಾರಿ ಎನ್ನಬಹುದಾದ ಬದನೆಗೂ ಅಲ್ಲಿ ದೊಡ್ಡ ಮರ್ಯಾದೆ. ಇವುಗಳಲ್ಲಿ ಗ್ರಾಂ, ಚಮಚದ ಲೆಕ್ಕ ಸಿಗದು, ಅಳತೆ ನಮ್ಮದೇ.

ಸೋಮೇಶ್ವರನ ಪಟ್ಟಿಯಲ್ಲಿ ಜಿಂಕೆ, ಆಮೆ, ಸುಟ್ಟ ಇಲಿಯೂ ಇವೆ. ಮೊದಲೆರಡನ್ನು ಬೇಟೆಯಾಡಿದರೆ ಜೈಲು. ಮೂರನೆಯದು ಪುಕ್ಕಟೆ, ಆದರೆ ನೆಂಟರು ಮತ್ತೆ ಬರಲಿಕ್ಕಿಲ್ಲ. ಹಾಗಾಗಿ ಬೇಳೆಯ ಕಡೆ ಹೋಗೋಣ. ಕಡಿಮೆ ದುಡ್ಡಿಗೆ ಅರಮನೆ ರುಚಿ ಸಿಗುವುದು ಅಲ್ಲೇ.

ಮೊದಲನೆಯದು ಇಡ್ಲಿಯ ಹಿರಿಯಜ್ಜಿ. ಚಾವುಂಡರಾಯನ ಕ್ರಮದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿನೀರು, ಇಂಗು, ಜೀರಿಗೆ, ಕೊತ್ತಂಬರಿ, ಮೆಣಸು ಬೆರೆಸುತ್ತಾರೆ. ಅಕ್ಕಿಯ ಮಾತಿಲ್ಲ, ರಾತ್ರಿಯಿಡೀ ಹುದುಗಿಸುವ ಮಾತೂ ಇಲ್ಲ. ಅಕ್ಕಿಯಿಲ್ಲದ ಕಾರಣ ಇದು ಇಂದಿನ ಇಡ್ಲಿಗಿಂತ ದುಬಾರಿ, ಹೊಟ್ಟೆಗೂ ಭಾರ. ಪುಟ್ಟದಾಗಿ ಬೇಯಿಸಿ ತಲೆಗೆ ಎರಡೇ ಇಡಿ. ಇಪ್ಪತ್ತು ಜನಕ್ಕೆ ಮುಕ್ಕಾಲು ಕಿಲೋ ಉದ್ದಿನಬೇಳೆ ಸಾಕು. ರುಬ್ಬಲು ಮಿಕ್ಸಿ ಬಳಸಿದರೆ ತಪ್ಪೇನಿಲ್ಲ. ಒರಳಿಗಾಗಿ ಹಟ ಹಿಡಿಯುವವರು ರುಬ್ಬಲು ತಾವೇ ಕೂರಲಿ.

ಎರಡನೆಯದು ಮಾನಸೋಲ್ಲಾಸದ ವಿದಲಪಾಕ: ಹಲವು ಬೇಳೆಗಳನ್ನು ಕೂಡಿಸಿ ಇಂಗು, ಉಪ್ಪು, ಅರಿಶಿನದೊಂದಿಗೆ ಬೇಯಿಸುವ ಅಡುಗೆ. ಡಬ್ಬಿಗಳ ತಳದಲ್ಲಿ ಉಳಿದ ಕಡಲೆ, ತೊಗರಿ, ಮಸೂರ್, ಅಲಸಂದೆಗೆ ಇದಕ್ಕಿಂತ ಗೌರವದ ಗತಿ ಇನ್ನೊಂದಿಲ್ಲ. ಒಟ್ಟು ಮುಕ್ಕಾಲು ಕಿಲೋ ಬೇಳೆ, ಮಂದ ಉರಿ, ಕೊನೆಗೆ ತುಪ್ಪದಲ್ಲಿ ಮೆಣಸಿನ ಒಗ್ಗರಣೆ. ಜೊತೆಗೆ ಎರಡು ಕಿಲೋ ಅಕ್ಕಿಯ ಅನ್ನ, ಎಳ್ಳೆಣ್ಣೆಯಲ್ಲಿ ಬಾಡಿಸಿ ಹುಣಸೆಹುಳಿ ಹಾಕಿದ ಬದನೆ, ಆ ವಾರ ಸಂತೆಯಲ್ಲಿ ಅಗ್ಗವಿರುವ ಹೀರೆ, ಬೂದುಗುಂಬಳ, ಬಾಳೆದಿಂಡು ಯಾವುದಾದರೊಂದು. ಬೆಲ್ಲ, ಏಲಕ್ಕಿಯ ಹೆಸರುಬೇಳೆ ಪಾಯಸ. ಕೇಸರಿ, ಕಸ್ತೂರಿ ದೊರೆಗೇ ಇರಲಿ.

ಕರಿಮೆಣಸು ತುಟ್ಟಿ ಎಂದು ಹೆದರುವವರಿದ್ದಾರೆ. ಆದರೆ ಇಪ್ಪತ್ತು ಜನರ ಅಡುಗೆಗೆ ಬೇಕಾಗುವುದು ಸುಮಾರು ಐವತ್ತು ಗ್ರಾಂ. ಮೆಣಸಿನ ಖಾರ ಗಂಟಲಲ್ಲಿ ತಡವಾಗಿ ಏರುತ್ತದೆ. ಮೊದಲ ತುತ್ತಿಗೆ ಸಪ್ಪೆಯೆನಿಸಿತೆಂದು ಮತ್ತೆ ಮತ್ತೆ ಉದುರಿಸಬೇಡಿ. ಬೇಯುವಾಗ ಅರ್ಧ, ಇಳಿಸುವ ಮುನ್ನ ಉಳಿದರ್ಧ ಕುಟ್ಟಿ ಹಾಕಿದರೆ ಘಮ ಉಳಿಯುತ್ತದೆ. ಹಸಿಶುಂಠಿ ಧಾರಾಳವಾಗಿದ್ದರೆ ಮೆಣಸು ಇನ್ನೂ ಕಡಿಮೆ ಸಾಕು.

ನಿಜವಾದ ಖರ್ಚು ತುಪ್ಪದ್ದು. ಅದನ್ನು ಪಾತ್ರೆಗೆ ಸುರಿದರೆ ಬೇಳೆಯಲ್ಲಿ ಮರೆಯಾಗುತ್ತದೆ. ಒಗ್ಗರಣೆಗೆ ನಾಲ್ಕು ಚಮಚ ತೆಗೆದಿಟ್ಟು, ಉಳಿದದ್ದನ್ನು ಬಿಸಿ ಮಾಡಿ ಎಲೆಗೇ ಬಡಿಸಿ. ಕಾಲು ಕಿಲೋದಲ್ಲಿ ಪಂಕ್ತಿ ಮುಗಿಯುತ್ತದೆ. ಬಡಿಸಲು ಬಾಳೆಎಲೆ ಸಿಗದಿದ್ದರೆ ಮುತ್ತುಗದ ಎಲೆ ಆದೀತು. ಅದು ಅಗ್ಗ, ಬಯಲುಸೀಮೆಗೆ ಹೊಂದುವಂಥದ್ದೂ ಹೌದು.