ಅಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್, ನಾವಿರೋದು ದೂರದಲ್ಲಿ: ಫೋನಲ್ಲಿ ಆಗೋದೇನು, ರಜೆ ಹಾಕಲೇಬೇಕಾದ ದಿನ ಯಾವುದು

ಈ ಸಲದ ವಿಷಯ ಸ್ವಲ್ಪ ಭಾರದ್ದು. ಆದರೆ ಪುಣೆ, ಹೈದರಾಬಾದ್, ಚೆನ್ನೈ ಅಂತ ಊರು ಬಿಟ್ಟು ಬಂದಿರೋ ನಮ್ಮಲ್ಲಿ ಹಲವರಿಗೆ ಒಂದಲ್ಲ ಒಂದು ದಿನ ಬೇಕಾಗುವಂಥದ್ದು.

ನನ್ನ ಅಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್ ಇದೆ, ನಾಲ್ಕನೇ ಹಂತ. ಅಪ್ಪ, ಅವ್ವ ಹಾವೇರಿ ಹತ್ತಿರದ ಊರಲ್ಲಿದ್ದಾರೆ. ಚಿಕಿತ್ಸೆ ಹುಬ್ಬಳ್ಳಿಯಲ್ಲಿ. ನಾನು ಪುಣೆಯಲ್ಲಿ. ಆಸ್ಪತ್ರೆಗೆ ಓಡಾಡೋದು ಅಂಗಡಿ ಇಟ್ಟುಕೊಂಡಿರುವ ನನ್ನ ತಮ್ಮ. ಕಾಯಿಲೆ ಗೊತ್ತಾದ ದಿನವೇ ಅವನು ಹೇಳಿದ: "ಅಣ್ಣಾ, ದಿನಾ ಫೋನ್ ಮಾಡಿ ಹೊಸ ಹೊಸ ಐಡಿಯಾ ಕೊಡಬ್ಯಾಡ. ಯಾವ ಕೆಲಸ ನಿನ್ನದು ಅಂತ ಹೇಳು, ಅದನ್ನ ಪೂರಾ ಮಾಡು." ಅವತ್ತೇ ಕೆಲಸವನ್ನು ಎರಡು ಭಾಗ ಮಾಡಿದ್ವಿ. ಫೋನು, ಲ್ಯಾಪ್‌ಟಾಪಿನಿಂದ ಆಗೋದು ನನ್ನದು. ಕೈಕಾಲಿನಿಂದ ಆಗಬೇಕಾದ್ದು ಅವನದು. ಅವನ ಪಾಲಿನಲ್ಲಿ ನಾನೂ ಹೆಗಲು ಕೊಡಬೇಕಾದ ದಿನಗಳು ಯಾವುವು ಅನ್ನೋದೇ ಉಳಿದ ಪ್ರಶ್ನೆ, ಯಾಕಂದ್ರೆ ನಮ್ಮ ರಜೆಗೆ ಲೆಕ್ಕ ಇದೆ.

ಮೊದಲು ಕಾಯಿಲೆಯ ಪೂರ್ತಿ ಹೆಸರು

"ಲಂಗ್ ಕ್ಯಾನ್ಸರ್" ಅಂದರೆ ಒಂದೇ ಕಾಯಿಲೆ ಅಲ್ಲ. ಮುಖ್ಯವಾಗಿ ಎರಡು ಬಗೆ: ಸ್ಮಾಲ್ ಸೆಲ್ ಮತ್ತು ನಾನ್ ಸ್ಮಾಲ್ ಸೆಲ್. ನೂರರಲ್ಲಿ ಸುಮಾರು 85 ಮಂದಿಗೆ ಬರೋದು ಎರಡನೆಯದು. ಡಾಕ್ಟರ ಹತ್ತಿರ ಮೂರು ಉತ್ತರ ಬರೆಸಿಕೊಳ್ಳಿ: ಯಾವ ಬಗೆ, ಯಾವ ಹಂತ, ಜೀನ್ ಪರೀಕ್ಷೆಗೆ ಕಳಿಸಿದ್ದಾರೋ ಇಲ್ಲವೋ. ಇಜಿಎಫ್‌ಆರ್, ಎಎಲ್‌ಕೆ ಮುಂತಾದ ಜೀನ್‌ಗಳಲ್ಲಿ ಬದಲಾವಣೆ ಸಿಕ್ಕರೆ ಕೀಮೋ ಬದಲು ಗುಳಿಗೆಯಿಂದಲೇ ಚಿಕಿತ್ಸೆ ಶುರುವಾಗಬಹುದು. ಬೀಡಿ, ಸಿಗರೇಟು ಮುಟ್ಟದವರಲ್ಲಿ ಇಂಥ ಬದಲಾವಣೆ ಹೆಚ್ಚು ಕಾಣುತ್ತೆ. ಹೌದು, ಸೇದದವರಿಗೂ ಈ ಕಾಯಿಲೆ ಬರುತ್ತೆ. ಸೇದಿದವರಿಗೂ "ನೀವೇ ತಂದುಕೊಂಡ್ರಿ" ಅಂತ ಹೇಳಿ ಯಾರಿಗೂ ಏನೂ ಉಪಯೋಗ ಇಲ್ಲ.

ಈ ಪರೀಕ್ಷೆಯ ವರದಿ ಬರೋಕೆ ಕೆಲವೊಮ್ಮೆ ಎರಡು ವಾರ, ಇನ್ನೂ ಹೆಚ್ಚೇ ಆಗಬಹುದು. ಅಷ್ಟರಲ್ಲಿ ಮನೆಗೆ ಬಂದವರೆಲ್ಲ "ಯಾಕ ಸುಮ್ನ ಕುಂತೀರಿ, ಬ್ಯಾರೆ ದವಾಖಾನಿಗೆ ಒಯ್ರಿ" ಅಂತಾರೆ. ಕಾಯಬಹುದಾ, ಕಾಯಬಾರದಾ ಅನ್ನೋದನ್ನು ಡಾಕ್ಟರೇ ಹೇಳಬೇಕು. ಅದನ್ನು ನೇರವಾಗಿ ಕೇಳಿ ಮನೆಯವರಿಗೆ ತಿಳಿಸೋದು ದೂರದಲ್ಲಿರೋರು ಮಾಡಬಹುದಾದ ಕೆಲಸ. ಅಪ್ಪನ ವರದಿಯಲ್ಲಿ ಅಂಥ ಬದಲಾವಣೆ ಸಿಗಲಿಲ್ಲ, ಹಾಗಾಗಿ ಕೀಮೋ ಶುರುವಾಯ್ತು.

ಎಲ್ಲ ಕಾಗದ ನನ್ನ ಹತ್ತಿರ ಇದೆ. ತಮ್ಮ ಫೋಟೋ ಕಳಿಸ್ತಾನೆ, ನಾನು ಪಿಡಿಎಫ್ ಮಾಡಿ ತಾರೀಖಿನ ಕ್ರಮದಲ್ಲಿ ಒಂದು ಫೋಲ್ಡರಿಗೆ ಹಾಕ್ತೀನಿ. ಎರಡು ವಸ್ತು ಮಾತ್ರ ಫೋಟೋದಲ್ಲಿ ಬರಲ್ಲ. ಒಂದು, ಸಿಟಿ ಅಥವಾ ಪೆಟ್ ಸ್ಕ್ಯಾನಿನ ಸಿಡಿ. ಇನ್ನೊಂದು, ಬಯಾಪ್ಸಿಯ ಮೇಣದ ಬ್ಲಾಕ್ ಮತ್ತು ಸ್ಲೈಡು. ಎರಡನೇ ಅಭಿಪ್ರಾಯ ಕೇಳೋಕೆ ಹೋದರೆ ಇವನ್ನೇ ಕೇಳ್ತಾರೆ. ಅಪ್ಪನ ಬ್ಲಾಕನ್ನು ತಮ್ಮ ತಂದುಕೊಟ್ಟ, ಪುಣೆಯಿಂದ ಮುಂಬೈಗೆ ಒಯ್ದು ತೋರಿಸಿದ್ದು ನಾನು. ಅಪ್ಪ ಊರು ಬಿಟ್ಟು ಕದಲಬೇಕಾಗಲಿಲ್ಲ.

ಅಪ್ಪನನ್ನು ಇಲ್ಲಿಗೇ ಕರ್ಕೊಂಡು ಬರೋದಾ?

ನಮ್ಮೆಲ್ಲರ ತಲೆಗೆ ಮೊದಲು ಬರೋ ಪ್ರಶ್ನೆ ಇದು. ಬೆಂಗಳೂರಿನ ಕಿದ್ವಾಯಿ, ಮುಂಬೈನ ಟಾಟಾ ಮೆಮೋರಿಯಲ್ ಸೇರಿದಂತೆ ದೇಶದ ಅನೇಕ ಆಸ್ಪತ್ರೆಗಳು 2012ರಲ್ಲಿ ಶುರುವಾದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್‌ನಲ್ಲಿವೆ. ಎಲ್ಲ ಕಡೆ ಚಿಕಿತ್ಸೆ ಒಂದೇ ಮಟ್ಟದಲ್ಲಿ ಸಿಗಲಿ ಅನ್ನೋದು ಅದರ ಉದ್ದೇಶ. ಕೀಮೋ ಸಾಮಾನ್ಯವಾಗಿ 21 ದಿನಕ್ಕೊಮ್ಮೆ, ತಿಂಗಳುಗಟ್ಟಲೆ. ಆ ತಿಂಗಳುಗಳನ್ನು ಅಪ್ಪ ನಮ್ಮ ಏಳನೇ ಮಹಡಿಯ ಫ್ಲಾಟಿನಲ್ಲಿ, ಮರಾಠಿ ಮಾತಾಡೋ ನರ್ಸಿಗೆ ನೋವು ಎಲ್ಲಿದೆ ಅಂತ ಹೇಳಲಾಗದೆ ಕಳೀಬೇಕಾ? ಯೋಜನೆಯನ್ನು ದೊಡ್ಡ ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿ, ಚಿಕಿತ್ಸೆಯನ್ನು ಮನೆ ಹತ್ತಿರ ಮಾಡಿಸೋಣ ಅಂತ ನಾವು ತೀರ್ಮಾನಿಸಿದ್ವಿ. ಊರಲ್ಲಿ ನೋಡ್ಕೊಳ್ಳೋರು ಯಾರೂ ಇಲ್ಲ ಅಂದರೆ ನಿಮ್ಮ ಉತ್ತರ ಬೇರೆ ಇರಬಹುದು.

"ಆರಾಮ ಅದೀನಿ" ಅನ್ನೋ ಉತ್ತರ

ಅಪ್ಪನಿಗೆ ಹೇಗಿದ್ದೀರಿ ಅಂತ ಕೇಳಿದರೆ ಒಂದೇ ಉತ್ತರ: "ಆರಾಮ ಅದೀನಿ." ಹಾಗಾಗಿ ಲೆಕ್ಕ ಸಿಗೋ ಪ್ರಶ್ನೆ ಕೇಳಿ. ಮಧ್ಯಾಹ್ನ ಎಷ್ಟು ರೊಟ್ಟಿ ತಿಂದ್ರಿ? ರಾತ್ರಿ ಎಷ್ಟು ಸಲ ಎಚ್ಚರ ಆಯ್ತು? ಅಂಗಳದ ತನಕ ನಡೆದರೆ ದಮ್ಮು ಹತ್ತುತ್ತಾ? ಜ್ವರ ಎಷ್ಟು?

ಜ್ವರದ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಕೀಮೋ ಆಗಿ ಒಂದು ವಾರದಿಂದ ಎರಡು ವಾರದ ನಡುವೆ ಬಿಳಿ ರಕ್ತಕಣಗಳು ತುಂಬಾ ಇಳಿಯುತ್ತವೆ. ಆಗ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರ ಬಂದರೆ ಅದು ಗುಳಿಗೆ ನುಂಗಿ ಬೆಳಗಿನ ತನಕ ಕಾಯುವ ಜ್ವರ ಅಲ್ಲ. ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಫೋನ್ ಮಾಡಿ ಹೊರಡಬೇಕು. ಇದರ ಜೊತೆ ತಕ್ಷಣ ಹೋಗಬೇಕಾದ ಲಕ್ಷಣಗಳನ್ನು ಡಾಕ್ಟರಿಂದಲೇ ಕೇಳಿ ದೊಡ್ಡ ಅಕ್ಷರದಲ್ಲಿ ಬರೆದು ಟಿವಿ ಪಕ್ಕ ಅಂಟಿಸಿದ್ದೀವಿ: ಕೆಮ್ಮಿದಾಗ ರಕ್ತ, ಇದ್ದಕ್ಕಿದ್ದಂತೆ ಏದುಸಿರು, ಮುಖ, ಕುತ್ತಿಗೆ ಊದೋದು, ಫಿಟ್ಸ್, ಮಾತು ತಪ್ಪೋದು, ಕಾಲಿನ ಶಕ್ತಿ ಹೋಗೋದು. ಕೆಳಗೆ ಆಸ್ಪತ್ರೆಯ ನಂಬರು, ಓಣಿಯ ಕಾರಿನವರ ನಂಬರು. ಮನೆಯಲ್ಲಿ ಒಂದು ಡಿಜಿಟಲ್ ಥರ್ಮಾಮೀಟರ್ ಇರಲಿ, ಅದನ್ನು ಓದೋದು ಅವ್ವನಿಗೆ ಗೊತ್ತಿರಲಿ.

ಹಣದ ಕಾಗದ

ಇದು ಪೂರ್ತಿ ದೂರದಿಂದಲೇ ಆಗುವ ಕೆಲಸ. ಕಂಪನಿಯ ವಿಮೆಯಲ್ಲಿ ಅಪ್ಪ, ಅವ್ವನ ಹೆಸರು ಇದೆಯಾ, ನಾವು ಕೈಯಿಂದ ಹಾಕಬೇಕಾದ ಪಾಲು ಎಷ್ಟು, ಒಂದೇ ದಿನದಲ್ಲಿ ಮುಗಿಯೋ ಕೀಮೋಗೆ ಹಣ ಕೊಡ್ತಾರಾ ಅಂತ ಇವತ್ತೇ ನೋಡಿ. ಕೆಲಸ ಬದಲಿಸೋ ಯೋಚನೆ ಇದ್ದರೆ ಹೊಸ ಕಂಪನಿಯ ವಿಮೆಯಲ್ಲಿ ತಂದೆತಾಯಿ ಸೇರ್ತಾರಾ ಅಂತ ಆಫರ್ ಒಪ್ಪೋ ಮೊದಲೇ ಕೇಳಿ. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಚಿಕಿತ್ಸೆಗೆ ಓಡಾಡುವ ಕ್ಯಾನ್ಸರ್ ರೋಗಿಗೆ, ಜೊತೆಗೆ ಹೋಗುವ ಒಬ್ಬರಿಗೆ ರೈಲಿನಲ್ಲೂ ರಿಯಾಯಿತಿ ಇದೆ. ಅದಕ್ಕೆ ಆಸ್ಪತ್ರೆಯ ಸರ್ಟಿಫಿಕೇಟ್ ಬೇಕು.

ರಜೆ ಯಾವ ದಿನಕ್ಕೆ

ನಾನು ಊರಲ್ಲಿ ಇರಲೇಬೇಕು ಅಂತ ಗುರುತು ಮಾಡಿಕೊಂಡ ದಿನಗಳು ಇವು: ಡಾಕ್ಟರು ಚಿಕಿತ್ಸೆಯ ಯೋಜನೆ ಹೇಳುವ ದಿನ, ಮೊದಲ ಕೀಮೋ, ಕೆಲವು ಸೈಕಲ್ ಆದಮೇಲೆ ಔಷಧ ಕೆಲಸ ಮಾಡಿದೆಯಾ ಅಂತ ನೋಡುವ ಸ್ಕ್ಯಾನಿನ ಫಲಿತಾಂಶ, ಔಷಧ ಬದಲಿಸುವ ದಿನ. ಪ್ರತಿ ಕೀಮೋಗೂ ಹೋಗಬೇಕಿಲ್ಲ.

ಇದಕ್ಕೆ ಇನ್ನೊಂದು ಬಗೆಯ ದಿನ ಸೇರಿಸಿ. ಅಪ್ಪನ ವಿಷಯದಲ್ಲಿ ಕೀಮೋ ಆದ ಮೊದಲ ವಾರ ಸುಸ್ತು, ಊಟ ಸೇರಲ್ಲ. ಎರಡನೇ ವಾರ ಸೋಂಕಿನ ಭಯ. ಮೂರನೇ ವಾರ ಅಪ್ಪ ಮತ್ತೆ ಅಪ್ಪ ಆಗ್ತಾರೆ. ಹೊಲದ ಕಡೆ ಹೋಗ್ತಾರೆ, ಚಹಾದಲ್ಲಿ ಸಕ್ಕರೆ ಕಡಿಮೆ ಅಂತ ಅವ್ವನ ಮೇಲೆ ರೇಗ್ತಾರೆ. ರಜೆಯಲ್ಲಿ ಒಂದು ಭಾಗ ಈ ಮೂರನೇ ವಾರಕ್ಕೆ. ಎಲ್ಲ ರಜೆಯನ್ನೂ ಕೊನೆಗೆ ಅಂತ ಉಳಿಸಿಟ್ಟರೆ, ಅಪ್ಪ ಮಾತಾಡುವ ದಿನಗಳಲ್ಲಿ ನಾವು ಮೀಟಿಂಗಿನಲ್ಲಿ ಇರ್ತೀವಿ. ಆ ವಾರ ನಾನು ಹೋದಾಗ ತಮ್ಮ ಹೆಂಡತಿ ಮಕ್ಕಳನ್ನು ಕರೆದುಕೊಂಡು ಎರಡು ದಿನ ಹೊರಗೆ ಹೋಗ್ತಾನೆ. ಮ್ಯಾನೇಜರಿಗೂ ಕಾರಣ ತಿಳಿಸಿ ಮೂರು ತಿಂಗಳ ಕ್ಯಾಲೆಂಡರ್ ಮೊದಲೇ ಕೊಟ್ಟಿದ್ದೀನಿ. 21 ದಿನದ ಲೆಕ್ಕ ಆದ್ದರಿಂದ ಅದು ಸಾಧ್ಯ.

ನೋವು ಮತ್ತು ನಿಜ

ಪ್ಯಾಲಿಯೇಟಿವ್ ಕೇರ್ ಅಂದರೆ "ಇನ್ನು ಮುಗೀತು" ಅಂತ ಅರ್ಥ ಅಲ್ಲ. ನೋವು, ಉಸಿರಾಟ, ನಿದ್ದೆ, ಆತಂಕ ಇವನ್ನು ನೋಡಿಕೊಳ್ಳುವ ವೈದ್ಯಕೀಯ ಅದು. 2010ರಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ, ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಜನರ ಮೇಲೆ ಮಾಡಿದ ಅಧ್ಯಯನ ಪ್ರಕಟವಾಯ್ತು. ಕ್ಯಾನ್ಸರ್ ಚಿಕಿತ್ಸೆಯ ಜೊತೆಗೇ ಮೊದಲಿಂದ ಈ ಆರೈಕೆ ಪಡೆದವರು ಹೆಚ್ಚು ನೆಮ್ಮದಿಯಾಗಿದ್ದರು, ಸರಾಸರಿ ಎರಡೂವರೆ ತಿಂಗಳಷ್ಟು ಹೆಚ್ಚೇ ಬದುಕಿದರು. ಹಾಗಾಗಿ ಶುರುವಿನಲ್ಲೇ ಕೇಳಿ. ಬೆಂಗಳೂರಿನಲ್ಲಿ ಕರುಣಾಶ್ರಯ ಇಂಥ ಆರೈಕೆಯನ್ನು ಉಚಿತವಾಗಿ ಕೊಡುತ್ತೆ.

ಅಪ್ಪನಿಗೆ ಹೇಳಬೇಕಾ ಬೇಡವಾ ಅಂತ ಮನೆಯಲ್ಲಿ ದೊಡ್ಡ ಚರ್ಚೆ ಆಯ್ತು. ಕೊನೆಗೆ ಅವರನ್ನೇ ಕೇಳಿದ್ವಿ, ಎಷ್ಟು ತಿಳ್ಕೋಬೇಕು ಅಂತ. "ದಿನಾ ಹೇಳೂದು ಬ್ಯಾಡ. ಆದ್ರ ಸುಳ್ಳ ಹೇಳಬ್ಯಾಡ್ರಿ" ಅಂದರು. ಅವತ್ತಿಂದ ಮನೆಯಲ್ಲಿ ಪಿಸುಮಾತು ನಿಂತಿದೆ.

ಈಗ ನಾಲ್ಕು ಸೈಕಲ್ ಮುಗಿದು ಮೇಂಟೆನೆನ್ಸ್ ಇಂಜೆಕ್ಷನ್ ನಡೀತಿದೆ. ಮುಂದಿನ ಸೋಮವಾರಕ್ಕೆ ಮೂರನೇ ವಾರ. ಬಸ್ ಟಿಕೆಟ್ ಆಗಿದೆ. ನೀವೂ ಕ್ಯಾಲೆಂಡರ್ ತೆಗೆದು ಒಂದು ಒಳ್ಳೆಯ ವಾರಕ್ಕೆ ಗುರುತು ಹಾಕಿ.